ಅರವತ್ತು ಮಾರು

ನಮ್ಮ ಊರಿನ ನಕಾಶೆ ಬರೆಯಲು ಒಮ್ಮೆ ಒಬ್ಬರು ಬಂದಿದ್ದರು. ಹಿತ್ತಾಳೆಯ ದುರ್ಬೀನು, ಮೂರು ಕಾಲಿನ ಮಣೆ, ಸುರುಳಿ ಸುರುಳಿ ಕಾಗದ ಎಲ್ಲ ತಂದಿದ್ದರು. ಮೊದಲ ದಿನ ಚಾವಡಿಯಿಂದ ಹೂಗಾರರ ಮನೆಗೆ ನೂರಿಪ್ಪತ್ತು ಮಾರು ಎಂದು ಬರೆದುಕೊಂಡರು. ಮರುದಿನ ಅಳೆದರೆ ನೂರ ನಲವತ್ತು. ಹಿಂದಿನ ಸಂಜೆ ಹೂಗಾರರ ಅಜ್ಜ ಏನೋ ಹೇಳಲು ಬಂದಿದ್ದ, ಚಾವಡಿಯಲ್ಲಿ ಕುಳಿತವರು ಕಿವಿಗೆ ಹಾಕಿಕೊಂಡಿರಲಿಲ್ಲ, ಅಷ್ಟೇ. ಆ ಮನುಷ್ಯ ಮೂರು ವಾರ ಬರೆದು ಅಳಿಸಿ, ಕೊನೆಗೆ ಕಾಗದವನ್ನೆಲ್ಲ ಶೇಂಗಾ ಮಾರುವವಳಿಗೆ ಕೊಟ್ಟು ಹೊರಟರು. ಹೋಗುವಾಗ, ನೀವೆಲ್ಲ ಇಲ್ಲಿ ಹೇಗೆ ಬದುಕುತ್ತೀರಿ ಎಂದು ನನ್ನನ್ನು ಕೇಳಿದರು. ವಾರಕ್ಕೊಮ್ಮೆ ಅಳೆದುಕೊಂಡು ಎಂದೆ.

ಅಳೆಯುವವನು ನಾನೇ. ಹೆಸರು ಮಡಿವಾಳಪ್ಪ. ನಮ್ಮ ಮುತ್ತಜ್ಜ ಎರಡೂ ಕೈ ಚಾಚಿದಷ್ಟು ಉದ್ದಕ್ಕೆ ಒಂದೊಂದು ಗಂಟು ಹಾಕಿದ ಹಗ್ಗ ನಮ್ಮ ಮನೆಯಲ್ಲಿದೆ. ಒಂದು ಗಂಟೆಂದರೆ ಒಂದು ಮಾರು. ಪ್ರತಿ ಶುಕ್ರವಾರ ಓಣಿ ಓಣಿ ಅಳೆದು, ಯಾವ ಮನೆ ಚಾವಡಿಯಿಂದ ಎಷ್ಟು ದೂರ ಎಂದು ಚಾವಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಯುತ್ತೇನೆ. ಜನ ಗೋಡೆ ನೋಡಿಯೇ ಮನೆ ಬಿಡುತ್ತಾರೆ. ಹಾಲು ಹಾಕುವವಳು ಎಷ್ಟೊತ್ತಿಗೆ ಹೊರಡಬೇಕು, ಹೆಣ್ಣು ನೋಡಲು ಬಂದವರು ಹಗಲಿನಲ್ಲಿ ತಿರುಗಿ ಹೋಗಬಹುದೋ ಇಲ್ಲವೋ, ಎಲ್ಲಕ್ಕೂ ಗೋಡೆ.

ಆಡಬೇಕಾದ ಮಾತಿಗೆ ಕೇಳುವವರು ಇಲ್ಲದಿದ್ದರೆ ನಮ್ಮಲ್ಲಿ ದಾರಿ ಬೆಳೆಯುತ್ತದೆ. ಕೇಳಿದರೆ ಇಳಿಯುತ್ತದೆ. ಬಿಸಿಲು ಯಾಕೆ ಸುಡುತ್ತದೆ ಎಂದು ಹೇಗೆ ಯಾರೂ ಕೇಳುವುದಿಲ್ಲವೋ ಹಾಗೆ ಇದನ್ನೂ ಯಾರೂ ಕೇಳುವುದಿಲ್ಲ. ಶಾಲೆಗೆ ತಡವಾಗಿ ಬಂದ ಮಕ್ಕಳು, ನಮ್ಮಪ್ಪನೂ ಮಾಸ್ತರರೂ ಮಾತು ಬಿಟ್ಟಿದ್ದಾರೆ ಎಂದರೆ ಮಾಸ್ತರರೇ ತಲೆ ತಗ್ಗಿಸಬೇಕು. ನೇಕಾರ ಅಡಿವೆಪ್ಪ ಹೆಂಡತಿಯ ಮಾತಿಗೆ ಹೂಂ ಅನ್ನುವುದನ್ನು ಬಿಟ್ಟ ವರ್ಷ, ಅವಳು ಅಡುಗೆಮನೆಯಲ್ಲಿ ಕಡೆದು ಕೊಟ್ಟ ಮಜ್ಜಿಗೆ ಪಡಸಾಲೆ ಮುಟ್ಟುವಷ್ಟರಲ್ಲಿ ಹುಳಿಯಾಗುತ್ತಿತ್ತು. ಆಮೇಲೆ ಸರಿಹೋದ. ಗಂಡಸರಿಗೆ ಬುದ್ಧಿ ನಾಲಿಗೆಯಿಂದಲೇ ಬರುತ್ತದೆ.

ನಮ್ಮಲ್ಲಿ ಎಪ್ಪತ್ತಮೂರು ಮನೆಗಳಿವೆ. ಊರಿನ ಯಾವ ಸಂಗತಿಯಾದರೂ ಚಾವಡಿಯ ಕಟ್ಟೆಯಲ್ಲಿ ಮನೆಗೊಂದು ಕೈ ಎತ್ತಿ ತೀರ್ಮಾನ ಮಾಡುತ್ತೇವೆ. ಕೈ ಎತ್ತುವುದು ಒಂದು ಗಳಿಗೆಯ ಕೆಲಸ. ನಿಜವಾದ ಕೆಲಸ ಅದರ ಮರುದಿನ. ಗೆದ್ದವರು ಒಂದೊಂದು ಹಿಡಿ ಉಪ್ಪು ತೆಗೆದುಕೊಂಡು ಸೋತವರ ಮನೆಗೆ ಹೋಗಬೇಕು. ಸೋತವರು ಉಪ್ಪಿಲ್ಲದ ಅಡುಗೆ ಮಾಡಿ ಕಾಯುತ್ತಿರುತ್ತಾರೆ. ಗೆದ್ದವರ ಉಪ್ಪು ಬಿದ್ದ ಮೇಲೆ ಕೂಡಿ ಉಣ್ಣಬೇಕು. ಉಂಡ ಮೇಲೆ ಸೋತವರು ಮಾತಾಡುತ್ತಾರೆ, ಗೆದ್ದವರು ಬಾಯಿ ಮುಚ್ಚಿಕೊಂಡು ಕೇಳುತ್ತಾರೆ. ಸೋತವರು ‘ನನ್ನ ಮಾತು ಮುಗೀತು’ ಎನ್ನುವ ತನಕ ಒಬ್ಬರೂ ಏಳುವಂತಿಲ್ಲ. ಕೆಲವು ಸಲ ಕೇಳಿದ ಮೇಲೆ ತೀರ್ಮಾನವೇ ಬದಲಾಗುತ್ತದೆ. ಬಹಳ ಸಲ ಆಗುವುದಿಲ್ಲ. ಹೂಗಾರರ ಅಜ್ಜ ಒಂದು ಗಟಾರದ ವಿಷಯಕ್ಕೆ ಸೋತು, ತನ್ನ ಮದುವೆಯಿಂದ ಮಾತು ಶುರು ಮಾಡಿ ಎರಡು ದಿನ ಎಳೆದು, ಕೊನೆಗೆ ತಾನು ಯಾಕೆ ಬೇಡ ಅಂದೆ ಎಂಬುದೇ ಮರೆತುಹೋಯಿತು ಎಂದ. ನಾವು ಎದ್ದು ಬಂದೆವು. ಗಟಾರ ಆಯಿತು, ಅವನ ಮನೆಯೂ ಹತ್ತಿರವಾಯಿತು.

ನನ್ನ ತಂಗಿ ಫಕೀರವ್ವ ಕುಂಬಾರ ಓಣಿಯ ಕೊನೆಯ ಮನೆಯವಳು. ಗಂಡ ತೀರಿಕೊಂಡ ಮೇಲೆ ಅವನ ತಿಗರಿಯನ್ನು ತಾನೇ ತಿರುಗಿಸಿ, ಗಡಿಗೆ ಮಡಕೆ ಮಾಡಿ ಮಗಳು ದ್ಯಾಮಕ್ಕನನ್ನು ಬೆಳೆಸಿದಳು. ಓಣಿಯಲ್ಲಿ ಬೇರೆ ಮನೆ ಉಳಿದಿರಲಿಲ್ಲ. ಚಾವಡಿಯಿಂದ ಅವಳ ಹೊಸ್ತಿಲಿಗೆ ಅರವತ್ತು ಮಾರು. ನಾನು ಹಗ್ಗ ಹಿಡಿದಾಗಿನಿಂದ ಅದು ಅರವತ್ತೇ, ಒಂದು ಗಂಟು ಹೆಚ್ಚಿಲ್ಲ, ಕಡಿಮೆಯಿಲ್ಲ. ಶುಕ್ರವಾರ ಹಗ್ಗದ ತುದಿಯನ್ನು ಅವಳ ಹೊಸ್ತಿಲಿಗೆ ಮುಟ್ಟಿಸಿ, ನಿಂತುಕೊಂಡೇ ಒಂದು ಚೆಂಬು ನೀರು ಕುಡಿದು, ಮುಂದಿನ ಓಣಿಗೆ ಹೋಗುತ್ತಿದ್ದೆ. ಕೂಡು ಅಣ್ಣಾ ಎನ್ನುತ್ತಿದ್ದಳು. ಕೆಲಸ ಇದೆ ಎನ್ನುತ್ತಿದ್ದೆ. ಕೆಲಸ ಇದ್ದೇ ಇತ್ತು.

ಅವಳು ಮಡಕೆ ಸುಡುವ ಆವಿಗೆಯ ಹೊಗೆ ನೇಕಾರರ ಓಣಿಗೆ ಬರುತ್ತಿತ್ತು. ಬಣ್ಣ ಹಾಕಿ ಒಣಗಲು ಹಾಕಿದ ನೂಲಿಗೆಲ್ಲ ಮಸಿ. ಅಡಿವೆಪ್ಪ ಬಂದು ನನ್ನ ಹತ್ತಿರ ಅತ್ತುಕೊಂಡ. ಬೇರೆ ಯಾರದಾದರೂ ಆವಿಗೆ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ತಂಗಿಯದು ಎಂಬ ಕಾರಣಕ್ಕೇ ಕಟ್ಟೆಯ ಮೇಲೆ ಎದ್ದು ನಿಂತೆ. ಅಳತೆಯವನಿಗೆ ತಂಗಿಯೂ ಒಂದೇ ಊರೂ ಒಂದೇ ಎಂದು ನಾಲ್ಕು ಜನ ಅನ್ನಲಿ ಎಂಬ ಆಸೆ ನನಗಿತ್ತು. ಆವಿಗೆಯನ್ನು ಇನ್ನು ಮೇಲೆ ತಿಂಗಳಿಗೊಮ್ಮೆ, ಅಮಾವಾಸ್ಯೆಯಂದು ಮಾತ್ರ ಹೊತ್ತಿಸಬೇಕು ಎಂದು ಹೇಳಿದೆ. ಎಪ್ಪತ್ತೆರಡು ಕೈ ಎದ್ದವು. ಬೇಡ ಎನ್ನುವವರು ಎಂದಾಗ ಎದ್ದದ್ದು ಒಂದೇ ಕೈ, ಮಣ್ಣು ಮೆತ್ತಿದ್ದು. ಜನ ನನ್ನ ಬೆನ್ನು ತಟ್ಟಿದರು. ನಾನು ಅವಳ ಕಡೆ ನೋಡಲಿಲ್ಲ.

ಮರುದಿನ ಹೋಗಬೇಕಿತ್ತು. ಉಪ್ಪನ್ನು ಬಟ್ಟೆಯಲ್ಲಿ ಕಟ್ಟಿಯೂ ಇಟ್ಟಿದ್ದೆ. ಆಮೇಲೆ, ಒಡಹುಟ್ಟಿದವಳ ಮನೆಗೆ ಉಪ್ಪು ಹಿಡಿದು ಹೋಗುವುದೆಂದರೆ ಅವಳನ್ನು ಪರಕೀಯಳನ್ನಾಗಿ ಮಾಡಿದ ಹಾಗೆ ಅಲ್ಲವೇ ಎಂದುಕೊಂಡೆ. ಅಣ್ಣ ತಂಗಿಯರ ನಡುವೆ ಇದೆಲ್ಲ ಯಾಕೆ, ಶುಕ್ರವಾರ ಹೇಗೂ ಹೋಗುತ್ತೇನಲ್ಲ, ಆಗ ಮಾತಾಡಿದರಾಯಿತು. ಇದು ನಾನು ನನಗೆ ಹೇಳಿಕೊಂಡದ್ದು. ನಿಜ ಹೇಳಬೇಕೆಂದರೆ ಅಂಜಿಕೆ. ಅವಳು ಏನಂದಾಳು ಎಂಬ ಅಂಜಿಕೆ. ಊರಿನವರು ಯಾಕೆ ಹೋಗಲಿಲ್ಲ? ಅಣ್ಣನೇ ಹೋಗಿರುತ್ತಾನೆ, ಮನೆಯ ಮಾತು, ನಡುವೆ ನಾವು ಯಾಕೆ ಎಂದುಕೊಂಡರು. ಅಡಿವೆಪ್ಪ ಮಾತ್ರ ಕೇಳಿದ, ಹೋಗಿ ಬಂದಿರಾ ಎಂದು. ನಾನು ತಲೆಯಾಡಿಸಿದೆ. ಹೌದು ಎನ್ನಲಿಲ್ಲ, ಬರೀ ತಲೆಯಾಡಿಸಿದೆ. ಆ ವ್ಯತ್ಯಾಸವನ್ನು ಹಿಡಿದುಕೊಂಡು ಎಷ್ಟು ದಿನ ಸಮಾಧಾನ ಮಾಡಿಕೊಂಡೆನೋ!

ಶುಕ್ರವಾರ ಬಂತು. ಕುಂಬಾರ ಓಣಿಗೆ ಹಗ್ಗ ಹಾಕಿದೆ. ಅರವತ್ತನೆಯ ಗಂಟು ಮುಗಿಯಿತು, ಹೊಸ್ತಿಲು ಬರಲಿಲ್ಲ. ಅರವತ್ತೊಂಬತ್ತಕ್ಕೆ ಬಂತು. ಒಳಗಿನಿಂದ ತಿಗರಿ ತಿರುಗುವ ಸಪ್ಪಳ ಕೇಳಿಸುತ್ತಿತ್ತು. ನಾನು ನೀರು ಕೇಳಲಿಲ್ಲ. ಸಪ್ಪಳವಾಗದ ಹಾಗೆ ಹಗ್ಗ ಸುತ್ತಿಕೊಂಡು ಬಂದು, ಗೋಡೆಯ ಮೇಲೆ ಅರವತ್ತು ಎಂದು ಬರೆದೆ.

ನಮ್ಮ ವಂಶದಲ್ಲಿ ಯಾರೂ ಸುಳ್ಳು ಅಳತೆ ಬರೆದಿರಲಿಲ್ಲ. ಅರವತ್ತೊಂಬತ್ತು ಎಂದು ಬರೆದರೆ ನಾನು ಹೋಗಿಲ್ಲ ಎಂಬುದು ಊರಿಗೆಲ್ಲ ತಿಳಿಯುತ್ತಿತ್ತು. ಮುಂದಿನ ವಾರ ಹೋಗಿ ಎಲ್ಲ ಸರಿ ಮಾಡುತ್ತೇನೆ, ಆಗ ಅದು ತಾನಾಗಿ ಅರವತ್ತಾಗುತ್ತದೆ, ಈಗ ಬರೆದದ್ದು ಒಂದು ವಾರದ ಮುಂಗಡ ಅಷ್ಟೇ ಎಂದುಕೊಂಡೆ. ಮುಂದಿನ ವಾರ ನೂರ ಹತ್ತು. ಅದರ ಮುಂದಿನ ವಾರ ಹಗ್ಗ ಹಿಡಿದು ಓಣಿಯ ಬಾಯಿಯಲ್ಲಿ ನಿಂತೆ. ಕಣ್ಣು ಹಾಯುವಷ್ಟು ದೂರ ಬರೀ ದಾರಿ. ಅಳೆಯದೆ ತಿರುಗಿ ಬಂದೆ. ಅರವತ್ತು ಎಂದು ಬರೆದೆ. ಆಮೇಲೆ ಅಳೆಯಲು ಹೋಗಲೇ ಇಲ್ಲ, ಬರೆಯುವುದು ಮಾತ್ರ ಬಿಡಲಿಲ್ಲ.

ಊರಿಗೆ ಸಂತೋಷವೋ ಸಂತೋಷ. ಅಮಾವಾಸ್ಯೆಯಂದು ಕೂಡ ಹೊಗೆ ಬರುತ್ತಿರಲಿಲ್ಲ. ದೂರದಲ್ಲಿ ಎಲ್ಲೋ ಒಂದು ಎಳೆಯಂತೆ ಏಳುತ್ತಿತ್ತು, ನೋಡುತ್ತಿದ್ದರೆ ಕರಗಿಹೋಗುತ್ತಿತ್ತು. ಫಕೀರವ್ವ ಎಷ್ಟು ಚೆನ್ನಾಗಿ ಹೊಂದಿಕೊಂಡಳು ನೋಡಿ, ಹೊಗೆಯನ್ನೇ ನಿಲ್ಲಿಸಿದಳು ಎಂದು ಅಡಿವೆಪ್ಪ ಹೊಗಳಿದ. ದ್ಯಾಮಕ್ಕ ತಲೆಯ ಮೇಲೆ ಗಡಿಗೆ ಹೊತ್ತು ಸಂತೆಗೆ ಬರುವಷ್ಟರಲ್ಲಿ ಸಂತೆ ಮುಗಿದಿರುತ್ತಿತ್ತು. ಹುಡುಗಿ ಮೈಗಳ್ಳಿಯಾಗಿದ್ದಾಳೆ ಎಂದು ಜನ ಆಡಿಕೊಂಡರು, ತಾಮ್ರದ ಕೊಡ ಕೊಂಡರು. ಅವಳು ಚಾವಡಿಯ ಮುಂದೆ ನಿಂತು ಗೋಡೆ ನೋಡಿ, ತನ್ನ ಕಾಲು ನೋಡಿಕೊಂಡು ಹೋಗುವುದನ್ನು ನಾನು ಕಂಡಿದ್ದೇನೆ. ಕಂಡು ಒಳಗೆ ಹೋಗಿದ್ದೇನೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ತೀರ್ಮಾನವಾದ ಏಳನೆಯ ತಿಂಗಳು ಫಕೀರವ್ವನಿಗೆ ಜ್ವರ ಬಂತು. ಪರ ಊರಿನ ಕಟ್ಟಿಗೆ ಹೊರುವವರ ಬಾಯಲ್ಲಿ ದ್ಯಾಮಕ್ಕ ಹೇಳಿ ಕಳಿಸಿದ್ದಳು. ಔಷಧಿ ಕೊಡುವ ಹುಸೇನಬಿಗೆ ಸುದ್ದಿ ಮುಟ್ಟಿದಾಗ ಮಧ್ಯಾಹ್ನ. ಅವಳು ವಯಸ್ಸಾದವಳು, ಮೊಣಕಾಲು ನೋವು. ಗೋಡೆ ನೋಡಿದಳು. ಅರವತ್ತು ಮಾರು ತಾನೇ, ನಮಾಜು ಮುಗಿಸಿ ಹೋಗಿ ದೀಪ ಹಚ್ಚುವುದರೊಳಗೆ ಬರುತ್ತೇನೆ ಎಂದು ಹೊರಟಳು. ಹೊತ್ತು ಮುಳುಗುವ ತನಕ ನಡೆದರೂ ಮನೆ ಸಿಗಲಿಲ್ಲ. ನನಗೆ ಅರಳುಮರುಳು ಹಿಡಿಯಿತು, ನೇರ ಓಣಿಯಲ್ಲಿ ದಾರಿ ತಪ್ಪಿದೆ ಎಂದು ಅಂಜಿ ತಿರುಗಿ ಬಂದಳು. ಗೋಡೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅಷ್ಟು ನಂಬಿಕೆ ನನ್ನ ಹಗ್ಗದ ಮೇಲೆ.

ಮರುದಿನ ಹೊತ್ತೇರಿದ ಮೇಲೆ ದ್ಯಾಮಕ್ಕ ಬಂದಳು. ಮೊಣಕಾಲ ತನಕ ಧೂಳು. ಚಾವಡಿಯಲ್ಲಿ ಹತ್ತು ಜನರಿದ್ದರು. ಅವಳು ನನ್ನೊಬ್ಬನನ್ನೇ ನೋಡಿ ಮಾತಾಡಿದಳು.

“ಮಾವಾ, ಗ್ವಾಡಿ ಮ್ಯಾಲ ಅರವತ್ತಂತ ಬರದೀ. ನಾ ನಸುಕಿನ್ಯಾಗ ಮನಿ ಬಿಟ್ಟೇನಿ, ಈಗ ಮುಟ್ಟೇನಿ. ಅವ್ವನ್ನ ಕೇಳಿದ್ರ, ಅಣ್ಣ ಬರದದ್ದು ತಪ್ಪಿರೂದಿಲ್ಲ, ನಮ್ಮ ಕಾಲೇ ಸೋತಾವು ಅಂತಾಳ. ನೀ ಹೇಳು, ಖರೇ ಎಷ್ಟೈತಿ?”

ಅಲ್ಲಿಯೇ, ಎಲ್ಲರ ಎದುರಿಗೆ, ಗೊತ್ತಿಲ್ಲ ಎಂದೆ. ಅಳೆದಿಲ್ಲ ಎಂದೆ. ಉಪ್ಪು ಒಯ್ದಿಲ್ಲ ಎಂದೆ. ಅಡಿವೆಪ್ಪ ಎದ್ದು ಹುಸೇನಬಿಯ ಮನೆಯ ಕಡೆ ಓಡಿದ. ಯಾರೂ ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು.

ಕುಂಬಾರ ಓಣಿ ಗಾಡಿ ಹಿಡಿಯುವಷ್ಟು ಅಗಲವಿಲ್ಲ. ಹುಸೇನಬಿಯನ್ನು ಕುರ್ಚಿಯಲ್ಲಿ ಕೂರಿಸಿ ಅಡಿವೆಪ್ಪನೂ ಇನ್ನೊಬ್ಬ ನೇಕಾರನೂ ಹೊತ್ತರು. ನಾನು ಏಳು ತಿಂಗಳ ಹಿಂದೆ ಕಟ್ಟಿಟ್ಟ ಉಪ್ಪಿನ ಗಂಟನ್ನು ತೆಗೆದುಕೊಂಡೆ. ಅದು ನೀರೂರಿ ಕಲ್ಲಿನಂತೆ ಗಟ್ಟಿಯಾಗಿತ್ತು. ದಾರಿಯಲ್ಲಿ ಮನೆ ಇಲ್ಲ, ಮರ ಒಂದೆರಡು, ಎರಡೂ ಕಡೆ ಅದೇ ಹಳೆಯ ಮಣ್ಣಿನ ಗೋಡೆ, ಎಳೆದು ಎಳೆದು ತೆಳ್ಳಗಾದಂತೆ. ದ್ಯಾಮಕ್ಕ ಮುಂದೆ ನಡೆದಳು. ನನಗೆ ಎಣಿಸದೆ ನಡೆಯಲು ಬರುವುದಿಲ್ಲ. ಎರಡೂವರೆ ಹೆಜ್ಜೆಗೆ ಒಂದು ಮಾರು. ನೂರಾದಾಗ ತಂಗಿಯ ಮದುವೆ ನೆನಪಾಯಿತು. ಎರಡು ಸಾವಿರವಾದಾಗ ಏನೂ ನೆನಪಾಗಲಿಲ್ಲ, ಕಾಲು ಉರಿಯುತ್ತಿದ್ದವು. ಎಂಟು ಸಾವಿರ ದಾಟಿದ ಮೇಲೆ ಆವಿಗೆ ಕಾಣಿಸಿತು.

ಫಕೀರವ್ವ ಪಡಸಾಲೆಯಲ್ಲಿ ಮಲಗಿದ್ದಳು. ಹುಸೇನಬಿ ಕೈ ಹಿಡಿದು ನೋಡಿದಳು, ಬಹಳ ಹೊತ್ತು ಹಿಡಿದೇ ಇದ್ದಳು, ಚೀಲ ಬಿಚ್ಚಲಿಲ್ಲ. ನಿನ್ನೆ ಬಂದಿದ್ದರೆ ಎಂದು ಮೆಲ್ಲಗೆ ಅಂದಳು. ತಂಗಿ ಕಣ್ಣು ತೆರೆದು ನನ್ನ ಕೈಯಲ್ಲಿದ್ದ ಗಂಟನ್ನು ನೋಡಿದಳು.

“ಉಪ್ಪು ತಂದೀಯೇನಣ್ಣಾ?”

ಹೂಂ ಎಂದೆ. ಒಲೆಯ ಮೇಲೆ ನುಚ್ಚಿನ ಗಂಜಿ ಇದೆ, ಹಾಕು ಎಂದು ಮಗಳಿಗೆ ಹೇಳಿದಳು. ತಾಟು ಅಲ್ಲಿವೆ ಎಂದು ಗೋಡೆಯ ಕಡೆ ಕಣ್ಣು ತಿರುಗಿಸಿದಳು. ಗೋಡೆಯ ಬದಿಗೆ ಮಣ್ಣಿನ ತಾಟುಗಳು ಒಂದರ ಮೇಲೊಂದು ಒಟ್ಟಿದ್ದವು. ಎಪ್ಪತ್ತೆರಡು. ತೀರ್ಮಾನವಾದ ಮೇಲಿನ ಮೊದಲ ಅಮಾವಾಸ್ಯೆಗೆ ಸುಟ್ಟದ್ದಂತೆ. ಒಂದೊಂದರ ಅಂಚಿಗೂ ಒಂದೊಂದು ಮನೆಯ ಗುರುತು. ಹೂಗಾರರಿಗೆ ಹೂವು, ಅಡಿವೆಪ್ಪನಿಗೆ ಲಾಳಿ, ಹುಸೇನಬಿಗೆ ಬೇರು. ನನ್ನದಕ್ಕೆ ಹಗ್ಗದ ಗಂಟು. ಅದರ ಮೇಲೆ ಏಳು ತಿಂಗಳ ಧೂಳಿರಲಿಲ್ಲ. ಯಾರೋ ದಿನವೂ ಒರೆಸಿದ್ದರು.

ನನ್ನ ಉಪ್ಪನ್ನು ಕಲ್ಲಿನಿಂದ ಒಡೆಯಬೇಕಾಯಿತು. ನಾವು ನಾಲ್ವರೂ ನಮ್ಮ ನಮ್ಮ ಗುರುತಿನ ತಾಟಿನಲ್ಲಿ ಉಂಡೆವು. ಉಂಡ ಮೇಲೆ ಅವಳು ಮಾತಾಡಿದಳು. ದನಿ ಸಣ್ಣದಾಗಿತ್ತು, ಬಗ್ಗಿ ಕೇಳಬೇಕಿತ್ತು.

“ನೀವು ಅಂದದ್ದು ಖರೇನ ಇತ್ತು. ನೂಲಿಗೆ ಮಸಿ ಹತ್ತತಿತ್ತು, ನಾನೂ ನೋಡೀನಿ. ತಿಂಗಳಿಗೊಮ್ಮೆ ಸುಟ್ಟರ ನನಗೂ ಸಾಕಾಗಿತ್ತು. ಆದ್ರ ಅಣ್ಣಾ, ದ್ಯಾಮಿ ಅಪ್ಪ ಹ್ವಾದ ಮ್ಯಾಲ ನಮ್ಮ ಮನ್ಯಾಗ ಯಾರೂ ಉಂಡಿರಲಿಲ್ಲ. ನೀನೂ ನಿಂತಽ ನೀರು ಕುಡದ್ ಹೋಗ್ತಿದ್ದಿ. ಎಲ್ಲಾರೂ ಒಂದೇ ಕಡೆ ಕೈ ಎತ್ತಿದ್ರ ಯಾರು ಯಾರ ಮನೀಗೆ ಬರ್ತಾರ? ಸೋತರ ಬರ್ತೀರಿ ಅಂತ ಎತ್ತಿದೆ.”

ಗೆದ್ದವರು ಬಾಯಿ ಬಿಡುವಂತಿಲ್ಲ. ಅಡಿವೆಪ್ಪ ಮುಖ ಮುಚ್ಚಿಕೊಂಡು ಅತ್ತ. ತಂಗಿ, ಖರೇ ಎಷ್ಟಾಯಿತು ಎಂದು ಕೇಳಿದಳು. ಅದು ಪ್ರಶ್ನೆಯಾದ್ದರಿಂದ ಉತ್ತರ ಕೊಟ್ಟೆ, ಎಂಟು ಸಾವಿರದ ಮೇಲೆ ಎಂದೆ. ನಾನೂ ಅಷ್ಟೇ ಅಂದುಕೊಂಡಿದ್ದೆ ಎಂದಳು. ಅಂದರೆ ಅವಳಿಗೆ ಗೊತ್ತಿತ್ತು. ನಮ್ಮ ಕಾಲೇ ಸೋತಿವೆ ಎಂದು ಮಗಳಿಗೆ ಹೇಳಿದ್ದು ನನ್ನ ಮಾನ ಉಳಿಸಲಿಕ್ಕೆ. ದ್ಯಾಮಕ್ಕ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು.

“ಕುಂದರ್ರಿ,” ಎಂದಳು ತಂಗಿ. “ಇನ್ನೂ ಮಾತೈತಿ. ಸ್ವಲ್ಪ ಕಣ್ಣು ಮುಚ್ಚತೀನಿ.”

ಕುಳಿತೆವು. ಬಿಸಿಲು ಅಂಗಳ ದಾಟಿ ಹೊಸ್ತಿಲಿಗೆ ಬಂತು. ಹುಸೇನಬಿ ಹಿಡಿದುಕೊಂಡಿದ್ದ ಕೈಯನ್ನು ಮೆಲ್ಲಗೆ ತಂಗಿಯ ಎದೆಯ ಮೇಲೆ ಇಟ್ಟಳು. ನಾವು ಏಳಲಿಲ್ಲ. ಮಾತು ಮುಗಿಯಿತು ಎಂದು ಅವಳು ಅಂದಿರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಎಂದು ನಮ್ಮ ಹಿರಿಯರು ಹೇಳಿ ಹೋಗಿಲ್ಲ. ಕೊನೆಗೆ ದ್ಯಾಮಕ್ಕನೇ ಬಂದು, ಏಳಿರಿ, ಮಣ್ಣು ಮಾಡಬೇಕು ಎಂದಳು.

ಹನ್ನೊಂದು ದಿನ ಕಳೆದ ಮೇಲೆ ಕಟ್ಟೆಯ ಮೇಲೆ ಹಗ್ಗ ಇಟ್ಟು, ಇದನ್ನು ಬೇರೆಯವರಿಗೆ ಕೊಡಿ ಎಂದೆ. ತಪ್ಪು ಅವನೊಬ್ಬನದಲ್ಲ, ಎಪ್ಪತ್ತೆರಡು ಮನೆಗಳಲ್ಲಿ ಒಂದು ಮನೆಯೂ ಹೋಗಲಿಲ್ಲ, ಹಗ್ಗ ಕಿತ್ತುಕೊಂಡು ನಾವು ಕೈ ತೊಳೆದುಕೊಳ್ಳುವುದು ಬೇಡ ಎಂದು ಅಡಿವೆಪ್ಪ ಹೇಳಿದ. ಹಗ್ಗ ನನ್ನ ಹತ್ತಿರವೇ ಇರಲಿ ಎಂದು ಎಪ್ಪತ್ತೊಂದು ಕೈ ಎದ್ದವು. ನಾನು ಎತ್ತಲಿಲ್ಲ. ಬೇಡ ಎಂದು ಎದ್ದದ್ದು ದ್ಯಾಮಕ್ಕನ ಕೈ.

ಮರುದಿನ ಊರಿಗೆ ಊರೇ ನಸುಕಿನಲ್ಲಿ ಹೊರಟಿತು, ಮಕ್ಕಳನ್ನು ಎತ್ತಿಕೊಂಡು, ಮುದುಕರನ್ನು ಹೊತ್ತುಕೊಂಡು, ಒಬ್ಬೊಬ್ಬರ ಕೈಯಲ್ಲೂ ಉಪ್ಪು. ಹೂಗಾರರ ಅಜ್ಜ ಮೂರು ಕಡೆ ಕುಳಿತು ಎದ್ದ. ದ್ಯಾಮಕ್ಕ ಎಪ್ಪತ್ತೆರಡು ತಾಟುಗಳನ್ನೂ ತೊಳೆದು ಅಂಗಳದ ತುಂಬ ಇಟ್ಟಿದ್ದಳು. ಪ್ರತಿಯೊಬ್ಬರೂ ಬಗ್ಗಿ ತಮ್ಮ ಗುರುತು ಹುಡುಕಿಕೊಂಡು ಕುಳಿತರು. ಉಂಡರು. ಆಮೇಲೆ ಅವಳು ಹೊತ್ತು ಇಳಿಯುವ ತನಕ ಮಾತಾಡಿದಳು. ಅವ್ವ ಮೊದಲ ಮೂರು ದಿನವೂ ಹಂಡೆ ತುಂಬ ಉಪ್ಪಿಲ್ಲದ ಅಡುಗೆ ಮಾಡಿದ್ದು, ಮೂರು ದಿನವೂ ಅದನ್ನು ತಾವಿಬ್ಬರೇ ಉಂಡದ್ದು, ಉಪ್ಪು ಹಾಕಿಕೊಳ್ಳೋಣ ಎಂದರೆ ತರುವವರು ಬರುತ್ತಾರೆ ಎಂದು ಅವ್ವ ಬೇಡ ಅಂದದ್ದು. ಜನ ತಲೆ ಎತ್ತಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದಳು.

“ಅವ್ವ ನಿನ್ನ ಸುಳ್ಳು ಮುಚ್ಚಿದ್ಲು, ಮಾವಾ. ನಾ ಮುಚ್ಚೂದಿಲ್ಲ. ಹಗ್ಗ ಇಟ್ಕೋ. ಅದರ ಇನ್ನೊಂದು ತುದಿ ನಾ ಹಿಡೀತೀನಿ. ನನ್ನ ಮಾತು ಮುಗೀತು. ಅವ್ವಂದು ಮುಗಿದಿಲ್ಲ.”

ಅಂದಿನಿಂದ ಶುಕ್ರವಾರ ಇಬ್ಬರೂ ಅಳೆಯುತ್ತೇವೆ. ಅವಳು ಗಂಟು ಎಣಿಸುತ್ತಾಳೆ, ನಾನು ಬರೆಯುತ್ತೇನೆ, ಬರೆದದ್ದನ್ನು ಅವಳು ಓದಿ ನೋಡುತ್ತಾಳೆ. ನನಗೆ ಬೇಸರವಿಲ್ಲ. ಆ ಊಟದ ಮೇಲೆ ಕುಂಬಾರ ಓಣಿ ಎಂಟು ಸಾವಿರದ ಮುನ್ನೂರ ಹನ್ನೆರಡರಿಂದ ಐದು ಸಾವಿರದ ನಲವತ್ತಕ್ಕೆ ಇಳಿಯಿತು. ಅಲ್ಲಿಗೆ ನಿಂತಿದೆ. ಎರಡು ವರ್ಷವಾಯಿತು, ಒಂದು ಗಂಟೂ ಕಡಿಮೆಯಾಗಿಲ್ಲ. ಉಳಿದದ್ದು ಫಕೀರವ್ವನ ಮಾತಿನದು, ಅದನ್ನು ಇನ್ನು ಯಾರು ಕೇಳುತ್ತಾರೆ? ನನ್ನ ಆಯುಷ್ಯದಲ್ಲಿ ಅದು ಮತ್ತೆ ಅರವತ್ತಾಗುವುದಿಲ್ಲ. ನನಗೆ ಅಳತೆ ಗೊತ್ತು.

ಈಗ ಕಟ್ಟೆಯ ಮೇಲೆ ಏನೇ ತೀರ್ಮಾನವಾಗಲಿ, ದ್ಯಾಮಕ್ಕ ಬೇಡ ಎಂದು ಕೈ ಎತ್ತುತ್ತಾಳೆ. ಹೋದ ತಿಂಗಳು ತಾನೇ ಹೇಳಿದ ಮಾತಿಗೂ ತಾನೇ ಎತ್ತಿದಳು. ಯಾರೂ ನಗಲಿಲ್ಲ. ಮರುದಿನ ಜನ ಗೋಡೆ ನೋಡಿದರು, ಐದು ಸಾವಿರದ ನಲವತ್ತು ಎಂದು ಓದಿಕೊಂಡರು, ಉಪ್ಪು ಕಟ್ಟಿಕೊಂಡು ನಸುಕಿನಲ್ಲೇ ಹೊರಟರು.